ನುಂಗಿದ ಮೇಲಿನ ಕಥೆ

ಅಜ್ಜಿಯ ಕೈಯ ಹಚ್ಚೆ, ಕೆಜಿಎಫ್ ಗಣಿಯ ದೂಳು, ತುಮಕೂರು ಸೀಮೆಯ ಕ್ಷಯ. ಮೂರನ್ನೂ ನುಂಗಿದ್ದು ಒಂದೇ ಜಾತಿಯ ಜೀವಕೋಶ.

ಯಡಿಯೂರಿನ ದಾಸೋಹದಲ್ಲಿ ಊಟಕ್ಕೆ ಕೂತಿದ್ದೆವು. ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು ಬಂದವರು, ಹಾಸನದ ಬಸ್ಸಿನಿಂದ ನಡುದಾರಿಯಲ್ಲಿ ಇಳಿದವರು, ಹರಕೆ ತೀರಿಸಲು ಮನೆಮಂದಿಯನ್ನೆಲ್ಲ ಟೆಂಪೊದಲ್ಲಿ ತುಂಬಿಕೊಂಡು ಬಂದವರು, ಎಲ್ಲರಿಗೂ ಒಂದೇ ಸಾಲು. ನನ್ನ ಪಕ್ಕದ ಅಜ್ಜಿ ಸೆರಗು ಸರಿಮಾಡಿಕೊಳ್ಳಲು ಕೈಯೆತ್ತಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆ. ರಂಗೋಲಿ ಎಳೆ, ನಡುವೆ ಚುಕ್ಕಿಗಳು, ಕೊನೆಯಲ್ಲೊಂದು ಚೇಳು. ಚರ್ಮ ಸುಕ್ಕುಗಟ್ಟಿ ಜೋಲುಬಿದ್ದಿದ್ದರೂ ಚೇಳಿನ ಕೊಂಡಿ ಇನ್ನೂ ಸ್ಪಷ್ಟವಾಗಿತ್ತು.

ಕೇಳಿದೆ. “ಏಳೆಂಟು ವರ್ಷದೋಳಿದ್ದೆ ಕಣವ್ವ,” ಎಂದರು. “ಕೊರವಂಜಿ ಜಗಲಿ ಮ್ಯಾಲೆ ಕೂರಿಸ್ಕೊಂಡು ಚುಚ್ಚಿದ್ಲು. ನಾನು ಕಿರುಚ್ಕೊಳ್ಳೋದು, ನಮ್ಮವ್ವ ಕೈ ಅದುಮಿ ಹಿಡ್ಕೊಳ್ಳೋದು. ಆಮ್ಯಾಕೆ ಒಂದು ಮೊರ ರಾಗಿ ಕೊಟ್ಟು ಕಳಿಸಿದ್ಲು.” ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. “ಬಂಗಾರ ಆದ್ರೆ ಸತ್ತ ಮ್ಯಾಲೆ ಮಕ್ಕಳು ಬಿಚ್ಕೊಳ್ತಾರೆ. ಇದೊಂದು ಒಡವೆ ಮಾತ್ರ ಜೊತೇಲೇ ಬತ್ತದೆ.”

ನಮ್ಮ ಚರ್ಮದ ಮೇಲ್ಪದರ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಅಜ್ಜಿಗೆ ಎಂಬತ್ತರ ಹತ್ತಿರ. ಹಾಗಾದರೆ ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಚುಚ್ಚಿದ ಆ ಬಣ್ಣ ಎಪ್ಪತ್ತು ವರ್ಷ ನಿಂತದ್ದು ಹೇಗೆ?

ಸೂಜಿ ಮೇಲ್ಪದರವನ್ನು ದಾಟಿ ಒಳಚರ್ಮಕ್ಕೆ ಮಸಿ ಇಳಿಸುತ್ತದೆ. ಅಲ್ಲಿ ಕಾದು ಕೂತ ಒಂದು ಬಗೆಯ ಜೀವಕೋಶ, ಹೊರಗಿನಿಂದ ಬಂದದ್ದು ಏನೇ ಆಗಿರಲಿ, ಮೈಚಾಚಿ ತಬ್ಬಿಕೊಂಡು ನುಂಗಿಬಿಡುತ್ತದೆ. ಮಸಿ ಅದಕ್ಕೆ ಜೀರ್ಣವಾಗದು. ಉಗುಳುವುದೂ ಇಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಇದ್ದಲ್ಲೇ ಇರುತ್ತದೆ. ಆ ಕೋಶ ಸತ್ತಾಗ ಮಸಿ ಹೊರಗೆ ಚೆಲ್ಲುತ್ತದೆ, ಆದರೆ ಹರಡುವ ಮೊದಲೇ ಪಕ್ಕಕ್ಕೆ ಬಂದ ಹೊಸ ಕೋಶ ಅದನ್ನು ಮತ್ತೆ ನುಂಗುತ್ತದೆ. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಇದನ್ನು ತೋರಿಸಿದರು. ಇಲಿಯ ಬಾಲಕ್ಕೆ ಹಚ್ಚೆ ಹಾಕಿ, ಬಣ್ಣ ಹೊತ್ತ ಕೋಶಗಳನ್ನಷ್ಟೇ ಕೊಂದು ನೋಡಿದರು. ಹಚ್ಚೆ ಅಳಿಸಲಿಲ್ಲ, ಹೊತ್ತವರು ಬದಲಾದರು ಅಷ್ಟೇ. ಅಜ್ಜಿಯ ಕೈಯಲ್ಲಿ ಈಗ ಚೇಳನ್ನು ಹಿಡಿದಿರುವ ಕೋಶಗಳು, ಕೊರವಂಜಿ ಬಂದ ದಿನ ಅದನ್ನು ನುಂಗಿದ ಕೋಶಗಳ ಎಷ್ಟನೆಯ ತಲೆಮಾರೋ!

ಈ ಕೋಶದ ಹೆಸರು ಮ್ಯಾಕ್ರೊಫೇಜ್. ಗ್ರೀಕ್ ಮೂಲದ ಮಾತು, ದೊಡ್ಡ ಭಕ್ಷಕ ಎಂದು ಅರ್ಥ. ದೊಡ್ಡದು ಎಂದರೂ ಒಂದು ರಾಗಿ ಕಾಳಿನ ಅಗಲಕ್ಕೆ ಐವತ್ತು ಅರವತ್ತು ಹಿಡಿಸುತ್ತವೆ. ಚರ್ಮದಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ, ಯಕೃತ್ತಿನಲ್ಲಿ, ಕರುಳಿನಲ್ಲಿ ಎಲ್ಲೆಡೆ ಇವುಗಳ ವಾಸ. ನಮ್ಮ ಆರೋಗ್ಯದ ಬಹುಪಾಲು, ರೋಗದ ಬಹುಪಾಲು, ಈ ಕೋಶ ನುಂಗಿದ ಮೇಲೆ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ ಎಂದು ಓದುತ್ತ ಓದುತ್ತ ನನಗೆ ಖಾತ್ರಿಯಾಗಿದೆ.

ಮುಳ್ಳು ಚುಚ್ಚಿ ನೋಡಿದವನು

1882ರಲ್ಲಿ ರಷ್ಯದ ಇಲ್ಯಾ ಮೆಚ್ನಿಕಾಫ್ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ಒಂದು ದಿನ, ಸೂಕ್ಷ್ಮದರ್ಶಕದ ಮುಂದೆ ಒಬ್ಬರೇ ಕೂತು ನಕ್ಷತ್ರಮೀನಿನ ಮರಿಯನ್ನು ನೋಡುತ್ತಿದ್ದರು. ಗಾಜಿನಂತೆ ಪಾರದರ್ಶಕವಾದ ಆ ಮರಿಯ ಒಳಗೆ ಕೆಲವು ಕೋಶಗಳು ಅತ್ತಿತ್ತ ತೆವಳುತ್ತಿದ್ದವು. ಇವು ಮೈಯನ್ನು ಕಾಯುವ ಕೋಶಗಳಾದರೆ, ಮುಳ್ಳು ಚುಚ್ಚಿದರೆ ಅದರ ಸುತ್ತ ಮುತ್ತಬೇಕಲ್ಲವೆ ಎಂಬ ಯೋಚನೆ ಬಂತು. ತೋಟದ ಗುಲಾಬಿ ಗಿಡದಿಂದ ಮುಳ್ಳು ಕಿತ್ತು ತಂದು ಚುಚ್ಚಿದರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಗಾಗೆದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಜಾತ್ರೆ ನೆರೆದಿತ್ತು. ಅದೇ ವರ್ಷ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯ ತರುವ ಜೀವಾಣುವನ್ನು ಲೋಕದ ಮುಂದಿಟ್ಟಿದ್ದರು. ಹೀಗೆ ನುಂಗುವ ಕೋಶವೂ ಅದು ನುಂಗಿಯೂ ಅರಗಿಸಲಾರದೆ ಒದ್ದಾಡುವ ಶತ್ರುವೂ ಒಂದೇ ವರ್ಷ ಬೆಳಕಿಗೆ ಬಂದವು. ಮೆಚ್ನಿಕಾಫರಿಗೆ ಆ ಶತ್ರುವಿನ ಪರಿಚಯ ಮೊದಲೇ ಇತ್ತು. ಅವರ ಮೊದಲ ಹೆಂಡತಿ ಲ್ಯುದ್ಮಿಲಾ ಮದುವೆಯ ದಿನ ನಡೆಯಲೂ ಆಗದಷ್ಟು ಬಳಲಿದ್ದರು, ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತಂದಿದ್ದರು. 1873ರಲ್ಲಿ ಅವರು ತೀರಿಕೊಂಡದ್ದು ಕ್ಷಯದಿಂದಲೇ. ಮೆಚ್ನಿಕಾಫ್ 1908ರಲ್ಲಿ ಪೌಲ್ ಎರ್ಲಿಕ್ ಜೊತೆ ನೊಬೆಲ್ ಹಂಚಿಕೊಂಡರು.

ಸೆಕೆಂಡಿಗೆ ಇಪ್ಪತ್ತು ಲಕ್ಷ

ಮ್ಯಾಕ್ರೊಫೇಜ್ ಎಂದರೆ ರೋಗಾಣು ಕೊಲ್ಲುವ ಸಿಪಾಯಿ ಎಂದಷ್ಟೇ ಶಾಲೆಯಲ್ಲಿ ಓದಿರುತ್ತೇವೆ. ದಿನವೂ ಅದು ಮಾಡುವ ಹೆಚ್ಚಿನ ಕೆಲಸ ಯುದ್ಧದ್ದಲ್ಲ, ಮನೆಗೆಲಸದ್ದು.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣ ಬಿರುಸಾಗುತ್ತದೆ, ಗುಲ್ಮದ ಇಕ್ಕಟ್ಟಾದ ಸಂದಿಗಳಲ್ಲಿ ಬಳುಕಿ ನುಸುಳಲಾರದೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಮ್ಯಾಕ್ರೊಫೇಜ್ ಕಾದಿರುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 20 ಲಕ್ಷ ರಕ್ತಕಣಗಳು ಇವುಗಳ ಹೊಟ್ಟೆ ಸೇರುತ್ತವೆ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಒಂದು ಕೋಟಿ ಕಣಗಳಾದರೂ ಹೋಗಿರುತ್ತವೆ. ನುಂಗಿದ ಕಣವನ್ನು ಕೋಶ ಬಿಡಿಬಿಡಿಯಾಗಿ ಬಿಚ್ಚುತ್ತದೆ, ಕಬ್ಬಿಣವನ್ನು ಹೊರತೆಗೆದು ರಕ್ತಕ್ಕೆ ಹಿಂತಿರುಗಿಸುತ್ತದೆ. ಆ ಕಬ್ಬಿಣ ಮೂಳೆಮಜ್ಜೆಗೆ ಹೋಗಿ ಹೊಸ ರಕ್ತಕಣವಾಗುತ್ತದೆ.

ಲೆಕ್ಕ ನೋಡಿ. ದಿನಕ್ಕೆ ಹೊಸ ರಕ್ತ ಕಟ್ಟಲು 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಮುದ್ದೆ, ಸೊಪ್ಪು, ಹುರುಳಿಸಾರು ಎಲ್ಲ ಸೇರಿಸಿ ಉಂಡರೂ ಕರುಳು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ. ಉಳಿದದ್ದೆಲ್ಲ ಈ ಕೋಶಗಳು ಹಳೆಯದನ್ನು ಕರಗಿಸಿ ಕೊಟ್ಟದ್ದು. ಹಳೆ ಪಾತ್ರೆ ಕರಗಿಸಿ ಹೊಸದಕ್ಕೆ ಲೋಹ ಒದಗಿಸುವ ಕಂಚುಗಾರರ ಕುಲುಮೆಯನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಹುಕಾಲದ ಸೋಂಕು ಇದ್ದವರಿಗೆ ರಕ್ತ ಕಡಿಮೆಯಾಗುವುದಕ್ಕೂ ಇಲ್ಲೇ ಕಾರಣವಿದೆ. ರೋಗಾಣುಗಳಿಗೂ ಕಬ್ಬಿಣ ಬೇಕಾದ್ದರಿಂದ ಮ್ಯಾಕ್ರೊಫೇಜ್ ಅದನ್ನು ಹೊರಗೆ ಬಿಡದೆ ಒಳಗೇ ಬಚ್ಚಿಡುತ್ತದೆ. ಶತ್ರುವಿಗೆ ಸಿಗಬಾರದೆಂದು ಕಣಜಕ್ಕೆ ಬೀಗ ಹಾಕಿದರೆ ಮನೆಯವರಿಗೂ ಉಪವಾಸವೇ.

ಮಿದುಳಿನ ಮ್ಯಾಕ್ರೊಫೇಜುಗಳ ಕಥೆ ಇನ್ನೂ ಸೋಜಿಗದ್ದು. ತಾಯಿಯ ಹೊಟ್ಟೆಯಲ್ಲಿ ಪಿಂಡವಾಗಿದ್ದಾಗ, ಮೂಳೆಮಜ್ಜೆ ರೂಪುಗೊಳ್ಳುವ ಮೊದಲೇ ಅವು ಹುಟ್ಟಿ ಮಿದುಳಿಗೆ ಹೋಗಿ ನೆಲೆಸುತ್ತವೆ, ಅಲ್ಲೇ ಮರಿಮಾಡಿಕೊಂಡು ಜೀವಮಾನವಿಡೀ ಇರುತ್ತವೆ. ಮಗು ಬೆಳೆಯುವಾಗ ನರಗಳ ನಡುವಿನ ಬೇಡದ ಕೊಂಡಿಗಳನ್ನು ತಿಂದು ತೆಗೆಯುವುದೂ ಅವೇ.

ಇನ್ನು ಗಾಯ. ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡರೆ ಮೊದಲು ಬೇರೆ ಬಿಳಿ ರಕ್ತಕಣಗಳು ಧಾವಿಸುತ್ತವೆ, ಕಾದಾಡಿ ಸಾಯುತ್ತವೆ. ಹಿಂದೆಯೇ ಬರುವ ಮ್ಯಾಕ್ರೊಫೇಜ್ ಸತ್ತವರನ್ನೂ ಕೊಳೆಯನ್ನೂ ನುಂಗಿ ಜಾಗ ಹಸನು ಮಾಡುತ್ತದೆ. ಆಮೇಲೆ ಅದರ ಮನಸ್ಸೇ ಬದಲಾಗುತ್ತದೆ. ಕಾದಾಟದ ರಾಸಾಯನಿಕಗಳನ್ನು ನಿಲ್ಲಿಸಿ, ಹೊಸ ರಕ್ತನಾಳ ಬೆಳೆಯಲಿ, ಹೊಸ ಚರ್ಮ ಮುಚ್ಚಲಿ ಎಂದು ಸುದ್ದಿ ಕಳಿಸತೊಡಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತಿಂಗಳುಗಟ್ಟಲೆ ಮಾಯದಿರಲು ಇರುವ ಕಾರಣಗಳಲ್ಲಿ ಇದೂ ಒಂದು: ಅಲ್ಲಿ ಈ ಮನಸ್ಸು ಹೊತ್ತಿಗೆ ಸರಿಯಾಗಿ ಬದಲಾಗುವುದಿಲ್ಲ, ಕೋಶ ಕಾದಾಡುತ್ತಲೇ ಇರುತ್ತದೆ.

ಅರಗದ ತುತ್ತು

ಶ್ವಾಸಕೋಶದ ಗಾಳಿಚೀಲಗಳಲ್ಲಿ ಓಡಾಡುವ ಮ್ಯಾಕ್ರೊಫೇಜುಗಳು ನಾವು ಉಸಿರಿನೊಡನೆ ಎಳೆದುಕೊಂಡ ಹೊಗೆಯ ಕಣ, ದೂಳಿನ ಕಣ ಎಲ್ಲವನ್ನೂ ನುಂಗುತ್ತವೆ. ಕಲ್ಲಿನ ದೂಳು ಬಂದಾಗ ಮಾತ್ರ ಸೋಲುತ್ತವೆ. ಸಿಲಿಕದ ಹರಳು ಕೋಶದೊಳಗಿನ ಆಮ್ಲದ ಚೀಲವನ್ನೇ ಹರಿದುಹಾಕುತ್ತದೆ. ಕೋಶ ಸಾಯುತ್ತದೆ, ಹರಳು ಹೊರಬೀಳುತ್ತದೆ, ಮತ್ತೊಂದು ಕೋಶ ಅದನ್ನು ನುಂಗಿ ಸಾಯುತ್ತದೆ. ಪ್ರತಿ ಸಾವಿನ ಜಾಗದಲ್ಲೂ ನಾರು ಬೆಳೆದು ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1947ರಲ್ಲಿ, ನಮ್ಮದೇ ಕೋಲಾರದ ಚಿನ್ನದ ಗಣಿಗಳಿಂದ. ಮಸಿ ನುಂಗಿ ಎಪ್ಪತ್ತು ವರ್ಷ ಒಡವೆಯಂತೆ ಕಾಯುವ ಕೋಶವೇ ಕಲ್ಲು ನುಂಗಿ ಸಾಯುತ್ತದೆ. ಕಲ್ಲು ಒಡೆಯುವ, ಕಲ್ಲು ಕೊಯ್ಯುವ ಕಡೆ ಮೂಗಿಗೆ ಬರಿಯ ಟವೆಲ್ ಸುತ್ತಿಕೊಂಡು ನಿಂತ ಹುಡುಗರನ್ನು ಕಂಡಾಗಲೆಲ್ಲ ನನಗೆ ಆ ಒಡೆದ ಚೀಲಗಳೇ ನೆನಪಾಗುತ್ತವೆ. ನೀರು ಚಿಮುಕಿಸಿ ದೂಳು ಅಡಗಿಸುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ.

ರಕ್ತನಾಳದ ಗೋಡೆಯಲ್ಲಿ ಸೇರಿದ ಕೊಬ್ಬನ್ನು ನುಂಗಿ ನುಂಗಿ ನೊರೆಯಂತೆ ಊದಿಕೊಳ್ಳುವುದೂ ಮ್ಯಾಕ್ರೊಫೇಜೇ. ಆ ಊದಿದ ಕೋಶಗಳು ಸತ್ತು ರಾಶಿಬಿದ್ದ ಜಾಗ ಒಂದು ದಿನ ಒಡೆದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ಕ್ಯಾನ್ಸರ್ ಗಡ್ಡೆಗಳು ಇದೇ ಕೋಶವನ್ನು ಪುಸಲಾಯಿಸಿ ತಮಗೆ ರಕ್ತನಾಳ ಹಾಕಿಸಿಕೊಳ್ಳುತ್ತವೆ. ಒಂದೊಂದಕ್ಕೂ ಬೇರೆ ಲೇಖನವೇ ಬೇಕು. ನಾನು ಹೇಳಬೇಕಾದದ್ದು ಕ್ಷಯದ ವಿಷಯ, ಏಕೆಂದರೆ ಅದು ಈ ತುಮಕೂರು ಜಿಲ್ಲೆಯ ಕಥೆ.

ಗೆದ್ದಲು ಕಟ್ಟಿದ ಹುತ್ತ

ಊಟ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕೂತಾಗ ಅಜ್ಜಿ ಗಂಡನ ವಿಷಯ ಎತ್ತಿದರು. ಅವರದು ಗುಬ್ಬಿ ಕಡೆಯ ಹಳ್ಳಿ. “ಮೂರು ವರ್ಷ ಕೆಮ್ಮಿದ್ರು. ಆಸ್ಪತ್ರೆಗೆ ಎಷ್ಟು ಸಲ ನಡೆದ್ರೋ ಲೆಕ್ಕ ಇಲ್ಲ. ಹೋದಾಗೆಲ್ಲ ಸೀಸೆ ತುಂಬ ಕೆಂಪು ಔಸ್ದಿ ಕೊಟ್ಟು ಕಳ್ಸೋರು. ಆ ಸೀಸೆಗಳ್ನ ತೊಳೆದು ಸೀಮೆಣ್ಣೆ ಹಾಕಿಟ್ಕೊಂಡಿದ್ದೆ, ಅಷ್ಟಿದ್ವು.” ರಕ್ತ ಬಿದ್ದ ಮೇಲೆ ಯಾರೋ ಕಫ ನೋಡಿದರಂತೆ. ಅಷ್ಟರಲ್ಲಿ ಕಾಲ ಮೀರಿತ್ತು.

ಕೆಮ್ಮಿದಾಗ ಗಾಳಿಗೆ ಸೇರುವ ಹನಿಯಲ್ಲಿ ಕ್ಷಯದ ಜೀವಾಣು ತೇಲಿಬಂದು ಗಾಳಿಚೀಲದ ತಳಕ್ಕೆ ಇಳಿಯುತ್ತದೆ. ಅಲ್ಲಿನ ಮ್ಯಾಕ್ರೊಫೇಜ್ ಅದನ್ನು ಗುರುತು ಹಿಡಿದು ನುಂಗುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ. ನುಂಗಿದ ತುತ್ತು ಒಂದು ಚೀಲದಲ್ಲಿರುತ್ತದೆ, ಆಮ್ಲವೂ ಕರಗಿಸುವ ಕಿಣ್ವಗಳೂ ಇನ್ನೊಂದು ಚೀಲದಲ್ಲಿ. ಎರಡೂ ಕೂಡಿದಾಗ ರೋಗಾಣು ಸಾಯಬೇಕು. ಕ್ಷಯಾಣುವಿನ ಮೇಣದಂಥ ಹೊದಿಕೆಯಲ್ಲೂ ಅದು ಸ್ರವಿಸುವ ವಸ್ತುಗಳಲ್ಲೂ ಆ ಕೂಡಿಕೆಯನ್ನು ತಡೆಯುವ ಜಾಣ್ಮೆಯಿದೆ. ಕೊಲ್ಲಬೇಕಾದ ಕೋಶದ ಹೊಟ್ಟೆಯಲ್ಲೇ ಅದು ಬೆಚ್ಚಗೆ ಕೂತು ಮರಿಮಾಡುತ್ತದೆ.

ಆಗ ಉಳಿದ ಮ್ಯಾಕ್ರೊಫೇಜುಗಳು ಬಂದು ಸೋಂಕು ಬಿದ್ದ ಕೋಶಗಳನ್ನು ಸುತ್ತುಗಟ್ಟುತ್ತವೆ. ಮೈಗೆ ಮೈ ಒತ್ತಿ, ಕೆಲವು ಒಂದರೊಳಗೊಂದು ಬೆಸೆದುಕೊಂಡು ಗೋಡೆ ಕಟ್ಟುತ್ತವೆ. ನಡುವಿನ ಸತ್ತ ಭಾಗ ಗಿಣ್ಣಿನಂತೆ ಮೆತ್ತಗೆ, ಬೆಳ್ಳಗಿರುತ್ತದೆ. ಹೆಚ್ಚಿನವರಲ್ಲಿ ಈ ಗೋಡೆ ನಿಲ್ಲುತ್ತದೆ. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ಕ್ಷಯ ಕಾಣಿಸಿಕೊಳ್ಳುವುದು ನೂರಕ್ಕೆ ಐದರಿಂದ ಹತ್ತು ಮಂದಿಗೆ. ಉಳಿದವರಿಗೆ ಒಳಗೇನಿದೆ ಎಂದೂ ತಿಳಿಯುವುದಿಲ್ಲ. ಗೋಡೆ ಸಡಿಲವಾದರೆ ಮಾತ್ರ ಅದು ರಕ್ಷಣೆಯಾಗಿ ಉಳಿಯುವುದಿಲ್ಲ. ಗೆದ್ದಲು ಕಷ್ಟಪಟ್ಟು ಕಟ್ಟಿದ ಹುತ್ತದಲ್ಲಿ ಹಾವು ಮನೆಮಾಡಿದ ಹಾಗೆ ಆಗುತ್ತದೆ. ಗೋಡೆ ಶ್ವಾಸನಾಳದ ಕಡೆಗೆ ಒಡೆದರೆ ಕೆಮ್ಮು, ಕೆಮ್ಮಿನಲ್ಲಿ ಸಾವಿರಾರು ಜೀವಾಣು, ಮುಂದಿನ ಮನೆಗೆ ದಾರಿ.

ಗೋಡೆಯನ್ನು ಹಿಡಿದು ನಿಲ್ಲಿಸುವ ಗಾರೆ ಯಾವುದು ಎಂಬುದು ಅನಿರೀಕ್ಷಿತವಾಗಿ ಬಯಲಾಯಿತು. ಕೀಲುವಾತಕ್ಕೆ ಟಿಎನ್‌ಎಫ್ ಎಂಬ ರಾಸಾಯನಿಕವನ್ನು ಅಡಗಿಸುವ ಹೊಸ ಔಷಧ ಬಂತು. ತೆಗೆದುಕೊಂಡವರಲ್ಲಿ ಕೆಲವರಿಗೆ ಹಳೆಯ ಕ್ಷಯ ಎದ್ದುಕೂತದ್ದು 2001ರಲ್ಲಿ ವರದಿಯಾಯಿತು. ಮ್ಯಾಕ್ರೊಫೇಜುಗಳು ಒತ್ತಾಗಿ ನಿಲ್ಲಲು ಆ ಟಿಎನ್‌ಎಫ್ ಬೇಕೇಬೇಕಿತ್ತು. ಈಗ ಆ ಔಷಧ ಕೊಡುವ ಮೊದಲು ಕ್ಷಯದ ತಪಾಸಣೆ ಮಾಡುತ್ತಾರೆ. ಎಚ್‌ಐವಿ, ಸಕ್ಕರೆ ಕಾಯಿಲೆ, ಸಿಲಿಕದ ದೂಳು, ಅರೆಹೊಟ್ಟೆ, ಇವೂ ಗೋಡೆಯನ್ನು ಸಡಿಲಿಸುತ್ತವೆ.

ಕ್ಷಯ ಅರಮನೆಯನ್ನೂ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ತೀರಿಕೊಂಡದ್ದು ಇದರಿಂದಲೇ. ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಅವರ ನೆನಪಿನದು. ಆದರೆ ಹಳ್ಳಿಗಳಲ್ಲಿ ಕ್ಷಯ ಎಷ್ಟಿದೆ, ಕ್ಷಯ ಬಂದವರು ಏನು ಮಾಡುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಕೇಳಿದವರು ಅಲ್ಲಿಯವರೆಗೆ ಕಡಿಮೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರ ಸೆಪ್ಟೆಂಬರ್ 16ರಂದು ನೆಹರೂ ಅದನ್ನು ಉದ್ಘಾಟಿಸಿದರು. ಆ ಸಂಸ್ಥೆ ತನ್ನ ಮೊದಲ ದೊಡ್ಡ ಸಮೀಕ್ಷೆಗೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಹಳ್ಳಿಗಳಿಗೆ ಎಕ್ಸ್‌ರೇ ವ್ಯಾನು ಬಂತು, ಸೋಂಕು ತಗುಲಿದೆಯೇ ಎಂದು ತೋಳಿಗೆ ಟ್ಯೂಬರ್ಕ್ಯುಲಿನ್ ಚುಚ್ಚಿ ನೋಡಿದರು, ಕಫ ಪರೀಕ್ಷಿಸಿದರು.

ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇನ್ನೊಂದು ಪ್ರಶ್ನೆ ಹಿಡಿದುಕೊಂಡು ಈ ಹಳ್ಳಿಗಳಿಗೆ ಬಂದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ನಾವೇ ಹುಡುಕಿ ಹೋಗಬೇಕು ಎಂಬುದು ಆಗಿನ ಪಂಡಿತರ ನಂಬಿಕೆ. ಕೇಳಿ ನೋಡಿದರೆ ಕ್ಷಯವಿದ್ದ ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಿತ್ತು, ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅಜ್ಜಿಯ ಸೀಮೆಣ್ಣೆ ಸೀಸೆಗಳ ಸಾಲನ್ನು ಕೇಳುತ್ತಿದ್ದಾಗ ನನಗೆ ಆ ಪ್ರಬಂಧ ಕಣ್ಣಮುಂದೆ ಬಂದು ನಿಂತಿತು. ರೋಗಿ ತಾನಾಗಿ ಬಾಗಿಲಿಗೆ ಬಂದಿದ್ದ. ಒಳಗೆ ಕರೆದುಕೊಂಡ ಮೇಲೆ ಮಾಡಬೇಕಾದ ಕೆಲಸ ಆಗಿರಲಿಲ್ಲ. ಸೋತ ಮ್ಯಾಕ್ರೊಫೇಜಿನ ಕಥೆಯೂ ಇದೇ.

ತುಮಕೂರಿನ ಜನ ಕೊಟ್ಟ ಉತ್ತರ ವ್ಯರ್ಥವಾಗಲಿಲ್ಲ. ಹಳ್ಳಿಹಳ್ಳಿಗೆ ಎಕ್ಸ್‌ರೇ ವ್ಯಾನು ಓಡಿಸುವುದಕ್ಕಿಂತ, ಕೆಮ್ಮು ಎಂದು ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಡಿ ನೋಡಿ, ಅಲ್ಲೇ ಮಾತ್ರೆ ಕೊಡುವುದು ದೇಶದ ಕಾರ್ಯಕ್ರಮದ ತಳಹದಿಯಾಯಿತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಎಂದು ಇಂದು ಆಶಾ ಕಾರ್ಯಕರ್ತೆ ಹೇಳುವ ಮಾತಿನ ಬೇರು ನಮ್ಮ ಜಿಲ್ಲೆಯ ಜಗಲಿಗಳಲ್ಲಿದೆ. ಇದನ್ನು ನಮ್ಮ ಮಕ್ಕಳ ಪಾಠದಲ್ಲಿ ಹೇಳಬೇಕು ಎಂದು ನನ್ನ ಆಸೆ.

ಹುಳಿ ಮತ್ತು ಅನ್ನ

ಆರು ತಿಂಗಳು ಮಾತ್ರೆ ಏಕೆ ನುಂಗಬೇಕು ಎಂದು ರೋಗಿಗಳು ಕೇಳುತ್ತಾರೆ. ಎರಡು ತಿಂಗಳಿಗೇ ಮೈ ಹಗುರಾಗಿ, ಕೆಮ್ಮು ನಿಂತು, ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಉತ್ತರ ಮತ್ತೆ ಆ ಕೋಶದ ಹೊಟ್ಟೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದು ಇದು: ಕ್ಷಯಾಣು ಕುಳಿತ ಚೀಲಕ್ಕೆ ಮ್ಯಾಕ್ರೊಫೇಜ್ ತುಂಬುವ ಸ್ವಲ್ಪ ಹುಳಿ ರೋಗಾಣುವನ್ನು ಕೊಲ್ಲುವಷ್ಟಿರುವುದಿಲ್ಲ, ಬದಲಿಗೆ ಕೆಲವು ರೋಗಾಣುಗಳನ್ನು ಔಷಧಕ್ಕೂ ಬಗ್ಗದಷ್ಟು ಪಳಗಿಸಿಬಿಡುತ್ತದೆ. ಮಲೇರಿಯಕ್ಕೆ ಕೊಡುವ ಹಳೆಯ ಕ್ಲೋರೋಕ್ವಿನ್ ಆ ಹುಳಿಯನ್ನು ತಗ್ಗಿಸುತ್ತದೆ. ಕ್ಷಯದ ಔಷಧದ ಜೊತೆ ಅದನ್ನೂ ಕೊಟ್ಟಾಗ ಪ್ರಯೋಗದ ಪ್ರಾಣಿಗಳಲ್ಲಿ ಆ ಹಟಮಾರಿ ರೋಗಾಣುಗಳು ಸತ್ತವು, ರೋಗ ಮರುಕಳಿಸುವುದು ಕಡಿಮೆಯಾಯಿತು. ಇದು ಪ್ರಯೋಗಶಾಲೆಯ ಮಾತು. ಓದಿದವರು ತಾವಾಗಿ ಔಷಧದಂಗಡಿಗೆ ಹೋಗಬಾರದು. ಆದರೆ ರೋಗಾಣುವಿಗಷ್ಟೇ ಗುರಿಯಿಡದೆ, ಅದು ಅಡಗಿದ ಮನೆಯನ್ನೂ ಸರಿಪಡಿಸಬಹುದು ಎಂಬ ದಾರಿ ನಮ್ಮೂರಿನಲ್ಲೇ ತೆರೆದಿರುವುದು ಸಣ್ಣ ಸಂಗತಿಯಲ್ಲ.

ಇನ್ನೊಂದು ದಾರಿ ಇದಕ್ಕಿಂತ ಹಳೆಯದು, ಅನ್ನದ ದಾರಿ. ಮ್ಯಾಕ್ರೊಫೇಜ್ ತಾನಾಗಿಯೇ ಕ್ಷಯಾಣುವನ್ನು ಕೊಲ್ಲುವುದು ಕಷ್ಟ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಬಂದು ಇಂಟರ್‌ಫೆರಾನ್ ಎಂಬ ರಾಸಾಯನಿಕದ ಮೂಲಕ ಅದನ್ನು ಎಚ್ಚರಿಸಬೇಕು. ಬಡಕಲಾದ ಮೈಯಲ್ಲಿ ಈ ಎಚ್ಚರಿಸುವಿಕೆಯೇ ಸೊರಗುತ್ತದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಂದಾಳುತನ ವಹಿಸಿದ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಗಳ 10,345 ಮಂದಿಯನ್ನೂ ಹಿಂಬಾಲಿಸಿತು. ಒಂದು ಗುಂಪಿನ ಮನೆಯವರಿಗೆಲ್ಲ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ. 2023ರಲ್ಲಿ ಫಲಿತಾಂಶ ಬಂತು. ಪಡಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಇಳಿದಿತ್ತು. ಕೆಮ್ಮಿನಿಂದ ಹರಡುವ ಬಗೆಯದಂತೂ ಶೇಕಡಾ 48ರಷ್ಟು. ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವೂ ಕಡಿಮೆ. ಲಸಿಕೆ ಹಾಕಿಸಿದಷ್ಟೇ ಕೆಲಸವನ್ನು ಅನ್ನ ಮಾಡಿತ್ತು. ಸರ್ಕಾರ ಕ್ಷಯರೋಗಿಗಳ ಪೋಷಣೆಗೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಮನೆಯ ಉಳಿದವರ ತಟ್ಟೆಯೂ ಲೆಕ್ಕಕ್ಕೆ ಬರಬೇಕು ಎಂದು ಆ ಅಧ್ಯಯನ ಹೇಳುತ್ತಿದೆ.

ಕಟ್ಟೆಯ ಮೇಲೆ ಅಜ್ಜಿಗೆ ಇಷ್ಟೆಲ್ಲ ಹೇಳಲಿಲ್ಲ. ಹಚ್ಚೆಯ ಗುಟ್ಟನ್ನಷ್ಟೇ ಹೇಳಿದೆ: ಒಂದು ಸತ್ತರೆ ಇನ್ನೊಂದು ಎತ್ತಿಕೊಳ್ಳುತ್ತದೆ ಎಂದು. ಅವರು ಚೇಳಿನ ಮೇಲೆ ಬೆರಳಾಡಿಸಿದರು. ನಾನು ಅವರ ಕೈ ನೋಡುತ್ತಿದ್ದರೂ ಮನಸ್ಸು ಅವರ ಎದೆಯ ಮೇಲಿತ್ತು. ಒಂದೇ ಅಂಕಣದ ಮನೆಯಲ್ಲಿ ಮೂರು ವರ್ಷ ಗಂಡನ ಕಫದ ಬಟ್ಟಲು ತೊಳೆದವರು, ಅವರ ಪಕ್ಕದಲ್ಲೇ ಮಲಗಿದವರು. ಆ ಜೀವಾಣು ಅವರೊಳಗೆ ಇಳಿಯದೆ ಇದ್ದಿರುವುದು ಅಪರೂಪ. ಆದರೂ ಅವರಿಗೆ ಒಂದು ದಿನವೂ ಕ್ಷಯ ಬರಲಿಲ್ಲ. ಶ್ವಾಸಕೋಶದ ಮೂಲೆಯಲ್ಲೆಲ್ಲೋ ಸಾಸಿವೆಯಷ್ಟು ಗೋಡೆಯೊಂದು ಐವತ್ತು ವರ್ಷದಿಂದ ನಿಂತಿರಬಹುದು. ಅಲ್ಲೂ ಒಂದು ಸತ್ತರೆ ಇನ್ನೊಂದು ಬಂದು ಆ ಜಾಗ ತುಂಬಿರಬಹುದು.

ಕುಣಿಗಲ್ ಕಡೆಯ ಬಸ್ಸು ಬಂತು. “ಬತ್ತೀನಿ ಕಣವ್ವ, ಹೊಟ್ಟೆ ತುಂಬ ಉಂಡೆ,” ಎಂದು ಅಜ್ಜಿ ಎದ್ದರು. ಮೆಟ್ಟಿಲು ಹತ್ತಲು ಕಂಬಿ ಹಿಡಿದಾಗ ತೋಳು ಚಾಚಿತು, ಸುಕ್ಕು ಬಿಚ್ಚಿತು, ಹಸಿರು ಚೇಳು ಕೊಂಡಿಯೆತ್ತಿಕೊಂಡು ಅವರ ಜೊತೆ ಬಸ್ಸು ಹತ್ತಿತು.